ಬೀಗರ ಪದಕ್ಕೆ ಮೂವತ್ತು ಕನೆಕ್ಷನ್

ಮದುಮಗಳ ಎರಡೂ ಕೈಗೆ ಮದರಂಗಿ. ಹಾಗಾಗಿ ಮೌಸ್ ನನ್ನ ಕೈಗೆ ಬಂತು. ಎಡವಟ್ಟು ಶುರುವಾಗಿದ್ದೇ ಅಲ್ಲಿಂದ.

ಮದುಮಗಳೆಂದರೆ ನನ್ನ ಮಗಳು ದಿವ್ಯ. ಮದುವೆಗೆ ಇನ್ನೆರಡೇ ದಿನ. ಕುಶಾಲನಗರದ ಬಳಿಯ ನಮ್ಮ ಮನೆಯಂಗಳದಲ್ಲಿ ಚಪ್ಪರ ಏಳುತ್ತಿದೆ, ಅಡುಗೆಯವರು ಬೆಲ್ಲ ಸಾಲದು ಎನ್ನುತ್ತಿದ್ದಾರೆ. ಹುಡುಗಿಯ ಅಪ್ಪನಾದ ನಾನು ಮಾತ್ರ ಕಂಪ್ಯೂಟರ್ ಮುಂದೆ ಕೂತು, ಒಂದು ಹಸಿರು ಗೆರೆ ಉದ್ದವಾಗುವುದನ್ನೇ ಕಾಯುತ್ತಿದ್ದೇನೆ. ಯಾಕೆ? ನಮ್ಮ ದೊಡ್ಡಮ್ಮನ ಮರ್ಯಾದೆಯ ಪ್ರಶ್ನೆ!

ಗಂಡಿನ ಕಡೆಯವರು ಪದ ಹೇಳುವುದರಲ್ಲಿ ಎತ್ತಿದ ಕೈ. ಮದುವೆಯ ಹಿಂದಿನ ಸಂಜೆ ಚಪ್ಪರಕ್ಕೆ ಕಾಲಿಡುವಾಗಲೇ ನಮ್ಮನ್ನು ಹಂಗಿಸಿ ಹಾಡುತ್ತಾರೆ. ಉತ್ತರ ಕೊಡಬೇಕಾದವಳು ದೊಡ್ಡಮ್ಮ. (ನಾನು ಆಡುವ, ಬರೆಯುವ ಕನ್ನಡದಲ್ಲಿ ಅರ್ಧ ಅವಳ ಬಾಯಿಂದ ಕೇಳಿದ್ದು. ಇನ್ನರ್ಧ ಚಿಕ್ಕಮ್ಮನದು.) ಹಿಂದೆ ನನ್ನ ತಂಗಿಯ ಮದುವೆಯಲ್ಲಿ ಚಿಕ್ಕಮ್ಮ ಒಂದು ಪದ ಎತ್ತಿದ್ದೇ ತಡ, ಬೀಗರು ಮತ್ತೆ ತುಟಿ ಬಿಚ್ಚಲಿಲ್ಲ. ಚಿಕ್ಕಮ್ಮ ಈಗಿಲ್ಲ. ದೊಡ್ಡಮ್ಮನಿಗೆ ಆ ಪದದ ರಾಗ ನೆನಪಿದೆ. ಸಾಲು ಮರೆತಿದೆ.

ಅದು ಉಳಿದಿರುವುದು ಆ ಮದುವೆಯ ವಿಡಿಯೊ ಕ್ಯಾಸೆಟ್ಟಿನಲ್ಲಿ ಮಾತ್ರ. ಕುಟ್ಟದ ಕಡೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಚಿಕ್ಕಮ್ಮನ ಮಗ ಜಯ ಅದನ್ನು ಕಂಪ್ಯೂಟರಿಗೆ ಹಾಕಿಸಿಟ್ಟಿದ್ದ. ನಾಲ್ಕು ಗಂಟೆಯ ವಿಡಿಯೊ, ವಾಟ್ಸಾಪಿನಲ್ಲಿ ಹೋಗುವ ಗಾತ್ರವಲ್ಲ. ಪದ ಎಲ್ಲಿದೆಯೆಂದು ಹುಡುಕಿ ಕತ್ತರಿಸಿ ಕಳಿಸು ಎನ್ನೋಣವೆಂದರೆ ಪಿಕ್ಕಿಂಗ್ ಸೀಸನ್, ಬೆಳಗಾದರೆ ಅವನು ತೋಟದಲ್ಲಿ. ತೋಟದಲ್ಲಿ ನೆಟ್‌ವರ್ಕ್ ಇಲ್ಲ. ಪೆನ್‌ಡ್ರೈವಿನಲ್ಲಿ ತರಲೆಂದರೆ ಅವನು ಬರುವುದು ಮುಹೂರ್ತದ ಹೊತ್ತಿಗೆ. ಅಷ್ಟರಲ್ಲಿ ಬೀಗರು ಗೆದ್ದು ಊಟವನ್ನೂ ಮುಗಿಸಿರುತ್ತಾರೆ.

ಅದಕ್ಕೇ ದಿವ್ಯ ಟೊರೆಂಟ್ ಉಪಾಯ ಹೂಡಿದಳು. ಜಯ ಮನೆಯ ಕಂಪ್ಯೂಟರನ್ನು ಚಾಲೂ ಇಟ್ಟು ತೋಟಕ್ಕೆ ಹೋದರೆ ಸಾಕು. ಫೈಲನ್ನು ಚೂರು ಚೂರು ಮಾಡುವುದು. ಜಯನ ಕಂಪ್ಯೂಟರಿನಿಂದ ಒಂದು ಚೂರು ನನಗೆ, ಇನ್ನೊಂದು ಬಿಟ್ಟಂಗಾಲದ ಭಾವನಿಗೆ. ಆಮೇಲೆ ನನ್ನದನ್ನು ನಾನು ಭಾವನಿಗೆ ಕೊಡಬೇಕು, ಭಾವ ಅವನದನ್ನು ನನಗೆ. ಕೇಳಿದ ಕೂಡಲೇ ನನಗೆ ಹೊಳೆಯಿತು. ಇದು ನಮ್ಮ ಮುಯ್ಯಾಳು! ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಜನ ಹೆಚ್ಚಿದಷ್ಟೂ ನಾಟಿ ಬೇಗ. ಅಲ್ಲವೇ?

ಕುಟುಂಬದ ಗ್ರೂಪಿನಲ್ಲಿ ಕರೆ ಕೊಟ್ಟೆ. ನಾಲ್ಕು ಮನೆ ಇದ್ದದ್ದು ಮೂವತ್ತಾಯಿತು. ಸಾಲದ್ದಕ್ಕೆ, ಎಷ್ಟು ಕನೆಕ್ಷನ್ ಬೇಕೆಂಬಲ್ಲಿ ನೂರು ಇದ್ದದ್ದನ್ನು ಅಳಿಸಿ ಸಾವಿರ ಎಂದು ಒತ್ತಿದೆ.

“ಅಪ್ಪ, ಇರೋದೇ ಮೂವತ್ತು ಮನೆ! ಸಾವಿರ ಎಲೆ ಹಾಕಿದ್ರೆ ಸಾವಿರ ಜನ ಉಣ್ಣೋಕೆ ಬರ್ತಾರಾ?” ಎಂದಳು ಮದುಮಗಳು, ಮದರಂಗಿ ಕೈ ಗಾಳಿಯಲ್ಲಿ ಆಡಿಸುತ್ತಾ.

ವಿಚಿತ್ರ ನೋಡಿ. ನಾಲ್ಕೇ ಜನ ಇದ್ದಾಗ ಸರಸರ ಓಡುತ್ತಿದ್ದ ಗೆರೆ, ಮೂವತ್ತು ಜನ ಸೇರಿದ ಮೇಲೆ ತೆವಳತೊಡಗಿತು.

ದೊಡ್ಡಮ್ಮ ಎಲೆಯಡಿಕೆ ಮೆಲ್ಲುತ್ತಾ ಬಂದಳು.

“ಏನ್ಲಾ, ಬಂದ್ಲಾ ನಿಮ್ ಚಿಕ್ಕಮ್ಮ?”

“ಬರ್ತಾವ್ಳೆ ದೊಡ್ಡಮ್ಮ. ಮೂವತ್ತು ಜನ ಎಳೀತಾ ಇದೀವಿ.”

“ಎಲ್ಲಾ ಎಳೆಯೋರೇ ಆದ್ರೆ ಕೊಡೋರು ಯಾರ್ಲಾ? ಪೈರು ಕಿತ್ತು ಕೊಡೋಳು ಒಬ್ಳು, ನೆಡೋಕೆ ಮೂವತ್ತು ಜನ ಬಂದ್ರೆ ನಾಟಿ ಆಯ್ತದಾ? ಬದುವಿನ ಮ್ಯಾಲೆ ನಿಂತು ಸೊಂಟಕ್ಕೆ ಕೈ ಇಟ್ಕಂಡು ಹರಟೆ ಹೊಡೀತವೆ, ಅಷ್ಟೇಯ.”

ದಿವ್ಯ ಎದ್ದು ಪರದೆಯತ್ತ ಬಾಗಿದಳು. “ಅಜ್ಜಿ ಸರಿಯಾಗೇ ಹೇಳಿದ್ರು. ಯಾರಿಂದ ಎಷ್ಟು ಬರ್ತಿದೆ ನೋಡಿ. ಎಲ್ಲಾ ಜಯ ಚಿಕ್ಕಪ್ಪನಿಂದಲೇ. ಉಳಿದೋರು ಕೊಡ್ತಾನೇ ಇಲ್ಲ!”

ಕಾರಣ ಗ್ರೂಪಿನಲ್ಲಿತ್ತು. ಬಿಟ್ಟಂಗಾಲದ ಭಾವ ಬೆಳಗ್ಗೆಯೇ ಬುದ್ಧಿಮಾತು ಹಾಕಿದ್ದ: ‘ಅಪ್‌ಲೋಡ್ ಲಿಮಿಟ್ ಅನ್ನೋ ಕಡೆ ಒಂದು ಅಂತ ಹಾಕಿ. ಇಲ್ಲದಿದ್ರೆ ನಮ್ಮ ಡೇಟಾ ಎಲ್ಲಾ ಸೋರಿಹೋಗುತ್ತೆ.’ ಕೆಳಗೆ ಸಾಲಾಗಿ ಹೆಬ್ಬೆರಳುಗಳು.

ನನಗೆ ಉರಿದುಹೋಯಿತು. ಇದ್ದ ಒಬ್ಬ ಜಯನನ್ನು ಮೂವತ್ತು ಜನ ಹರಿದು ಹಂಚಿಕೊಂಡರೆ ಯಾರಿಗೆ ಏನು ದಕ್ಕೀತು? ಟೈಪ್ ಮಾಡತೊಡಗಿದೆ: ‘ಮುಯ್ಯಾಳಿಗೆ ಬಂದು ಉಂಡು ಕೈತೊಳೆದು ಹೋಗುವವರೇ, ನಾಚಿಕೆಯಾಗಬೇಕು! ನಮ್ಮ ಹಿರಿಯರು...’

“ಅಪ್ಪ, ಕಳಿಸೋ ಮುಂಚೆ ನಮ್ಮದೂ ಒಂದ್ಸಲ ನೋಡಿಬಿಡಿ.”

ನೋಡಿದೆ. ನಮ್ಮದೂ ಒಂದು. (ಭಾವನ ಮಾತಿನ ಕೆಳಗಿದ್ದ ಮೊದಲ ಹೆಬ್ಬೆರಳು ಯಾರದು ಅಂತ ಕೇಳಬೇಡಿ.)

ಬರೆದದ್ದನ್ನೆಲ್ಲ ಅಳಿಸಿದೆ. ‘ತಪ್ಪು ನನ್ನದೂ ಇದೆ. ನಾನು ಅಪ್‌ಲೋಡ್ ಲಿಮಿಟ್ ತೆಗೆದಿದ್ದೇನೆ, ನೀವೂ ತೆಗೆಯಿರಿ. ದೊಡ್ಡಮ್ಮ ಚಿಕ್ಕಮ್ಮನ ದಾರಿ ಕಾಯುತ್ತಿದ್ದಾಳೆ’ ಎಂದಷ್ಟೇ ಹಾಕಿದೆ.

ಮೊದಲು ತೆಗೆದವನು ಭಾವನೇ. ಆಮೇಲೆ ಒಂದೊಂದೇ ಮನೆ. ಅದೇ ಮೂವತ್ತು ಕನೆಕ್ಷನ್, ಅದೇ ತಂತಿ. ಗೆರೆ ಎದ್ದು ಓಡಿತು ನೋಡಿ! ಕನೆಕ್ಷನ್ ಹೆಚ್ಚಿದರೆ ಸ್ಪೀಡ್ ಹೆಚ್ಚುತ್ತದೆಯೇ? ಹೆಚ್ಚುತ್ತದೆ, ಕೊಡುವವರ ಕನೆಕ್ಷನ್ ಆದರೆ. ಗ್ರೂಪಿನಲ್ಲಿ ಎಷ್ಟು ಜನ ಇದ್ದಾರೆಂದು ಎಣಿಸಿ ಬೀಗುವ ನಮಗೆಲ್ಲ ಇದು ಗೊತ್ತಿಲ್ಲದ್ದೇನಲ್ಲ.

ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಚಿಕ್ಕಮ್ಮ ಬಂದಳು. ಹಸಿರು ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ದೊಡ್ಡಮ್ಮ ಆರು ಸಲ ಹಾಕಿಸಿಕೊಂಡು ಕೇಳಿದಳು. “ಮೂರನೇ ಸಾಲಿಗೆ ಉಸಿರು ಕಟ್ತಾಳೆ ನೋಡು. ಯಾವತ್ತೂ ಅವಸ್ರವೇ ಅವಳಿಗೆ” ಎಂದು ಬೈದಳು. ಏಳನೇ ಸಲ ಜೊತೆಗೇ ಹಾಡಿದಳು. ಮೂರನೇ ಸಾಲಿಗೆ ಇವಳಿಗೂ ಉಸಿರು ಕಟ್ಟಿತು.

ಮರುದಿನ ಸಂಜೆ ಬೀಗರು ಬಂದರು, ಹಂಗಿಸಿದರು. ದೊಡ್ಡಮ್ಮ ಗಂಟಲು ಸರಿಮಾಡಿಕೊಂಡು ಎತ್ತಿದಳು:

ಬಂದೋರು ಗಾಡೀಲಿ, ಉಂಡೋರು ಸಾಲಾಗಿ
ಬಿಂದಿಗೆ ನೀರ ತನ್ನಿರೆಂದ್ರೆ, ಎಲ್ಲಾರ್ಗೂ
ಒಂದೇ ಸಲಕೆ ಸೊಂಟ ಉಳುಕ್ಯಾವೆ!

ಬೀಗರು ಬಿದ್ದು ಬಿದ್ದು ನಕ್ಕು ಸೋಲೊಪ್ಪಿದರು. ಎಲ್ಲ ಸರಿ. ಆದರೆ ಬೀಗರ ಪದವನ್ನು ಬೀಗರ ಮುಖ ನೋಡಿ ಹಾಡಬೇಕು ತಾನೇ? ದೊಡ್ಡಮ್ಮ ಉದ್ದಕ್ಕೂ ನನ್ನನ್ನೇ ಯಾಕೆ ನೋಡುತ್ತಿದ್ದಳು?