ಲವಂಗದೆಣ್ಣೆಯ ಸೀಸೆ

ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ನನ್ನ ಯಜಮಾನರು ಒಂದು ಕೈಯಲ್ಲಿ ಕೆನ್ನೆ ಹಿಡಿದುಕೊಂಡಿದ್ದರು. ಬಲಗಡೆ ಕೊನೆಯ ದವಡೆ ಹಲ್ಲು. ಅವರಿಗೆ ಮಾಲೂರಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸ. ಕೆಲಸ ಮುಗಿಸಿ ಬಂದು ನನ್ನ ಜೊತೆ ರೇಷ್ಮೆ ಹುಳ ನೋಡಿಕೊಳ್ಳುತ್ತಿದ್ದರು.

"ಡಾಕ್ಟರಿಗೆ ತೋರಿಸಿ" ಅಂದೆ.

"ಮುದ್ದೆ ನುಂಗೋರಿಗೆ ಹಲ್ಲು ಯಾಕೆ ಕಣೇ?" ಅಂದು ನಕ್ಕರು.

ಮೂರನೇ ದಿನ ಕೆನ್ನೆ ಊದಿತು. ಕೋಲಾರಕ್ಕೆ ಹೋದೆವು. ವಿಮೆಗೆಂದು ತಿಂಗಳು ತಿಂಗಳು ಸಂಬಳದಲ್ಲಿ ಹಿಡಿಯುತ್ತಿದ್ದರು, ಹಲ್ಲಿನ ಖರ್ಚೂ ಅದರಲ್ಲೇ ಬರುತ್ತದೆ ಅಂತ ಕಾರ್ಖಾನೆಯಲ್ಲಿ ಹೇಳಿದ್ದರು. ಹಾಗಾಗಿ ವಿಮೆಯ ಕಾರ್ಡು, ಬಸ್ ಚಾರ್ಜು, ಅಷ್ಟೇ ಇಟ್ಟುಕೊಂಡು ಹೋಗಿದ್ದೆವು.

ಹಲ್ಲಿನ ಡಾಕ್ಟರು ಬಾಯಿ ನೋಡಿ, "ಒಳಗೆ ಕೀವಾಗಿದೆ. ಆಪರೇಷನ್ ಮಾಡಿ ತೆಗೀಬೇಕು, ತಡ ಮಾಡಬೇಡಿ" ಅಂದರು. ಹೊರಗೆ ಕೂತಿದ್ದ ಕಾಂಪೌಂಡರು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ವಾಪಸ್ಸು ಕೊಟ್ಟರು.

"ಇನ್ನೂರು ರೂಪಾಯಿ ಮೊದ್ಲು ನೀವು ಕಟ್ಟಿ. ಬಿಲ್ಲು ಕೊಟ್ರೆ ವಿಮೆಯೋರು ಆಮೇಲೆ ಕೊಡ್ತಾರೆ."

ಅದು ಅವರ ಅರ್ಧ ತಿಂಗಳ ಸಂಬಳ. ಕಾರ್ಡು ತೆಗೆದುಕೊಂಡು ಹೊರಗೆ ಬಂದೆವು.

ಮನೆಯಲ್ಲಿ ಹುಳ ಬಲಿತಿದ್ದವು. ಇನ್ನು ಎಂಟು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುತ್ತಿದ್ದವು. "ಎಂಟು ದಿನ, ಮೇಲೆ ಇನ್ನು ನಾಲ್ಕೈದು ದಿನ ತಾನೇ, ಗೂಡು ಮಾರಿ ಬರೋಣ" ಅಂದರು ಯಜಮಾನರು. ನನ್ನ ಕಿವಿಯಲ್ಲಿ ಓಲೆ ಇತ್ತು. ಗಿರವಿ ಇಡೋಣ ಅಂತ ಹೊಳೆಯಿತು. ಹೇಳಲಿಲ್ಲ.

ಉಳಿದ ಚಿಲ್ಲರೆಯಲ್ಲಿ ಒಂದು ಚಿಕ್ಕ ಸೀಸೆ ಲವಂಗದೆಣ್ಣೆ ಕೊಂಡೆ. ಅವರು ಅದರ ಮುಚ್ಚಳ ತೆಗೆಯಲಿಲ್ಲ. ಘಾಟು ವಾಸನೆ ಬಡಿದರೆ ಹುಳ ಮೇವು ಬಿಡುತ್ತವೆ ಅಂತ ನಮ್ಮ ಕಡೆ ನಂಬಿಕೆ. ಹೊಗೆಸೊಪ್ಪು ಹಾಕಿದವರನ್ನೂ ಹುಳದ ಮನೆಗೆ ಬಿಡುವುದಿಲ್ಲ. ಆಪರೇಷನ್ನಿನ ದುಡ್ಡು ಹುಳ ಸಾಕುವ ಆ ತಟ್ಟೆಗಳಲ್ಲೇ ಇತ್ತು. ಕೆನ್ನೆಗೆ ಟವೆಲ್ ಬಿಗಿದುಕೊಂಡು, ಹಲ್ಲು ಕಚ್ಚಲಾರದೆ, ಅವರು ಹುಳಕ್ಕೆ ಸೊಪ್ಪು ಹಾಕುತ್ತಲೇ ಇದ್ದರು.

ಕೋಲಾರದಿಂದ ಬಂದ ಏಳನೇ ದಿನ ಅವರಿಗೆ ಮುದ್ದೆ ನುಂಗಲಾಗಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಹುಳ ಹಣ್ಣಾದವು. ಅವರಿಗೆ ಮೈ ಸುಡುತ್ತಿತ್ತು, ಕುತ್ತಿಗೆ ಕಲ್ಲಿನ ಹಾಗೆ ಬಿಗಿದಿತ್ತು. ಅತ್ತೆ, "ಅಯ್ಯೋ ನಾಯನಾ, ಮಾತೇ ಹೊರಡ್ತಿಲ್ವಲ್ಲೋ" ಅಂತ ಎದೆ ಬಡಿದುಕೊಂಡರು. ಹುಳವನ್ನು ಅತ್ತೆಗೆ ಬಿಟ್ಟು, ಮೈದುನ ಮುನಿಯಪ್ಪನೂ ನಾನೂ ಅವರನ್ನು ಕೋಲಾರದ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು.

"ಕೀವು ಕುತ್ತಿಗೆಗೆ ಇಳಿದಿದೆ. ಯಾಕಮ್ಮ ಇಷ್ಟು ತಡ?"

"ಹುಳ ಹಣ್ಣಾಗಿರಲಿಲ್ಲ ಸಾರ್."

ಡಾಕ್ಟರು ನನ್ನ ಮುಖ ನೋಡಿದರು. ಅಲ್ಲಿ ಯಾರೂ ದುಡ್ಡು ಕೇಳಲಿಲ್ಲ.

ಮಾರನೇ ದಿನ ಹೋಗಿಬಿಟ್ಟರು.

ಗೂಡಿಗೆ ಒಳ್ಳೆಯ ಬೆಲೆ ಬಂತು. ಅದು ತಿಥಿಗೆ ಆಯಿತು. ಅಳು ಬರಲಿಲ್ಲ. ಸೊಪ್ಪು ಕೊಯ್ದೆ, ತಟ್ಟೆ ತೊಳೆದೆ, ಮತ್ತೆ ಹುಳ ತಂದೆ. ಬೇರೆ ಏನು ಮಾಡಬೇಕೋ ಗೊತ್ತಾಗಲಿಲ್ಲ.

ಈ ಬೆಳೆಯ ಹುಳ ಹಣ್ಣಾಗಲು ವಾರ ಇರುವಾಗ ಮುನಿಯಪ್ಪ ಹುಳದ ಮನೆಯಲ್ಲಿ ಕೆನ್ನೆ ಹಿಡಿದು ಕೂತಿದ್ದ. ಒಳಗೆ ಅಟ್ಟದ ಮೇಲಿಟ್ಟಿದ್ದ ಲವಂಗದೆಣ್ಣೆಯ ಸೀಸೆ ತಂದು ಅಲ್ಲೇ ಮುಚ್ಚಳ ತೆಗೆದು ಹತ್ತಿ ಅದ್ದಿದೆ. ಮನೆಯೆಲ್ಲ ಘಾಟು.

"ಅತ್ತಿಗೆ, ಹುಳ!"

"ಹೋದ್ರೆ ಹೋಗ್ಲಿ. ಬಾಯಿ ತೆಗಿ."

ಅವತ್ತೇ ಓಲೆ ಗಿರವಿ ಇಟ್ಟು ಕೋಲಾರಕ್ಕೆ, ಅದೇ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಹಲ್ಲು ತೆಗೆದರು. ಮೂರನೇ ದಿನಕ್ಕೆ ಅವನು ಮುದ್ದೆ ನುಂಗಿದ. ದೇವರು ದೊಡ್ಡವನು.

ಹುಳಕ್ಕೆ ಏನೂ ಆಗಲಿಲ್ಲ.