ಎದುರಂಗಡಿಯ ಮಖಮಲ್ ಕೋಟು

ಬೀದಿಯವರು ಅವರನ್ನು ಕರೆಯುವುದು ಟೇಪ್ ಮಾವ ಎಂದೇ. ಅಳತೆಯ ಟೇಪು ಕೊರಳಲ್ಲಿಲ್ಲದೆ ಅವರನ್ನು ಕಂಡವರು ಕಡಿಮೆ. ಭಾನುವಾರದ ಆರಾಧನೆಗೂ ಅದನ್ನು ಹಾಕಿಕೊಂಡೇ ಹೊರಟು, ಚರ್ಚಿನ ಬಾಗಿಲಲ್ಲಿ ಹೆಂಡತಿಯ ಕಣ್ಣಿಗೆ ಬಿದ್ದು, ಜೇಬಿಗೆ ತುರುಕಿಕೊಂಡದ್ದುಂಟು. ಗಂಡಸರ ಕೋಟು, ಪ್ಯಾಂಟು ಹೊಲಿಯುವುದು ಕಸುಬು. ಅಂಗಡಿಯಲ್ಲಿ ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಬೀದಿ ಕಡೆಗೊಂದು ಕಿಟಕಿ. ಕಿಟಕಿಯ ಪರದೆ ವರ್ಷಗಳಿಂದ ಇಳಿದೇ ಇತ್ತು. ಎದುರಿಗಿದ್ದದ್ದು ಇನ್ನೊಬ್ಬ ದರ್ಜಿಯ ಅಂಗಡಿ.

ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ಹೊಲಿಗೆ ಕಲಿತವರು, ಒಂದೇ ಚರ್ಚಿಗೆ ಹೋಗುವವರು. ಗಾಯನವೃಂದದ ನಿಲುವಂಗಿಗಳನ್ನು ಟೇಪ್ ಮಾವ ಹೊಲಿದ ವರ್ಷ ಬಟ್ಟೆ ಸಾಲದೆ ಬಂತು. ಬಟ್ಟೆ ತಂದವರೇ ಕಡಿಮೆ ತಂದಿದ್ದರು. ಎದುರಂಗಡಿಯವನು ಮಾತ್ರ ಚರ್ಚಿನ ಮೆಟ್ಟಿಲ ಮೇಲೆ ನಿಂತು, "ಮಾವನ ಮನೆ ದಿಂಬುಗಳೂ ಈಗ ಹಾಡು ಕಲಿತಿರಬೇಕು ಬಿಡಿ" ಅಂದ. ಎಲ್ಲರೂ ನಕ್ಕರು. ನಗು ಅಲ್ಲಿಗೇ ನಿಂತಿತು, ಮಾವ ಬಟ್ಟೆ ಕದ್ದರೆಂಬ ಮಾತು ಅಂಟಿಕೊಂಡಿತು. ಚರ್ಚಿನ ಕೆಲಸ ಎದುರಂಗಡಿಗೆ ಹೋಯಿತು. ಹಳೆಯ ಗಿರಾಕಿಗಳು ಕತ್ತರಿಸಿ ಉಳಿದ ಚೂರುಗಳನ್ನೂ ಕೇಳಿ ಕಟ್ಟಿಸಿಕೊಂಡು ಹೋಗತೊಡಗಿದರು. ಟೇಪ್ ಮಾವ ಹೆಚ್ಚು ನೊಂದದ್ದು ಅದಕ್ಕೆ.

ಕೆಡುಕು ಮಾಡಿದವನಿಗಾಗಿ ಪ್ರಾರ್ಥಿಸಬೇಕೆಂದು ಪಾಸ್ಟರ್ ಹೇಳಿದ್ದನ್ನು ಅವರು ತಪ್ಪದೆ ಪಾಲಿಸಿದರು. ದಿನವೂ ಮಲಗುವ ಮುನ್ನ ಹಲ್ಲು ಕಚ್ಚಿಕೊಂಡು, "ದೇವರೇ, ಎದುರಿನವನಿಗೆ ಒಳ್ಳೇದು ಮಾಡು" ಅನ್ನುವರು.

"ದೇವರಿಗೆ ಅವನ ಮನೆ ದಾರಿ ಗೊತ್ತಿದೆ. ನಿಮಗೇ ಮರೆತುಹೋಗಿರೋದು" ಎಂದು ಹೆಂಡತಿ ಚುಚ್ಚುತ್ತಿದ್ದರು.

ಆ ಎದುರಿನವನು ಒಂದು ದಿನ ಅಟ್ಟದಿಂದ ಬಟ್ಟೆಯ ಥಾನು ಇಳಿಸುವಾಗ ಏಣಿ ಜಾರಿ ಬಿದ್ದು ಬಲಗೈ ಮುರಿದುಕೊಂಡ. ಅವನ ಮೇಜಿನ ಮೇಲೆ ಮದುಮಗನೊಬ್ಬನ ಸೂಟು ಅರ್ಧಕ್ಕೆ ನಿಂತಿತ್ತು. ಕೋಟು ಕಡುಗೆಂಪು ಮಖಮಲ್ಲಿನದು, ಮೈ ಭಾಗ ಆಗಿತ್ತು, ತೋಳೂ ಪ್ಯಾಂಟೂ ಆಗಬೇಕಿತ್ತು. ಮದುವೆ ಶನಿವಾರ. ಬೇರೆ ಯಾವ ದರ್ಜಿಯೂ ಇನ್ನೊಬ್ಬರು ಅರ್ಧ ಮಾಡಿದ ಮಖಮಲ್ಲಿಗೆ ಕೈಹಾಕಲು ಒಪ್ಪಲಿಲ್ಲ.

ಸುದ್ದಿ ತಂದ ಹೆಂಡತಿ, "ಹೋಗಿ ಅಂತ ನಾನೇನೂ ಹೇಳ್ತಿಲ್ಲ" ಅಂದರು.

"ನೀನು ಹೇಳಲಿಲ್ಲ. ಬರೀ ಬಾಯಲ್ಲಿ ಬೇಡಿ ಬೇಡಿ ನನಗೇ ಸಾಕಾಗಿದೆ" ಎಂದು ಟೇಪ್ ಮಾವ ಚಪ್ಪಲಿ ಮೆಟ್ಟಿದರು.

ಎದುರಂಗಡಿಯವನು ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುರ್ಚಿಯಲ್ಲಿದ್ದ. "ಏನು ಮಾವ, ಬಿದ್ದವನನ್ನ ನೋಡಿಕೊಂಡು ಹೋಗೋಕೆ ಬಂದ್ಯಾ?"

"ತೋಳು ಬಾಕಿ ಇದೆಯಂತಲ್ಲ. ಬಟ್ಟೆ ಎಲ್ಲಿದೆ?"

ಅವನು ಗದ್ದದಿಂದ ಮೇಜಿನತ್ತ ತೋರಿಸಿದ. ನೋವಿನ ಮಾತ್ರೆ ನುಂಗಿದ್ದರಿಂದ ಕೂತಲ್ಲೇ ಕಣ್ಣು ಮುಚ್ಚಿದ. ಟೇಪ್ ಮಾವ ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಉಪಕಾರ ಮಾಡಲು ಬಂದಿದ್ದರು, ಮಾತಾಡಲು ಅಲ್ಲ. ಅಳತೆ ಚೀಟಿ ನೋಡಿ ಕತ್ತರಿಸಿ, ತೋಳುಗಳನ್ನು ಹೊಲಿದು, ಮೈಗೆ ಕಚ್ಚಾ ಹೊಲಿಗೆಯಲ್ಲಿ ಕೂಡಿಸಿ, ಕೋಟನ್ನು ಬಾಗಿಲ ಬೆಳಕಿಗೆ ಹಿಡಿದರು.

ಮೈ ಕಡುಗೆಂಪು. ತೋಳು ನಸುಗೆಂಪು.

ಮಖಮಲ್ಲಿನ ನವಿರಿಗೆ ದಿಕ್ಕಿದೆ. ಬೆಕ್ಕಿನ ಬೆನ್ನಿನ ಹಾಗೆ, ಒಂದು ಕಡೆಗೆ ಕೈಯಾಡಿಸಿದರೆ ನುಣುಪು, ಇನ್ನೊಂದು ಕಡೆಗೆ ಒರಟು. ನವಿರು ಕೆಳಮುಖವಾದರೆ ಬಣ್ಣ ತಿಳಿಯಾಗಿ ಹೊಳೆಯುತ್ತದೆ, ಮೇಲ್ಮುಖವಾದರೆ ಗಾಢವಾಗಿ ಕಾಣುತ್ತದೆ. ಟೇಪ್ ಮಾವ ಜೀವಮಾನವಿಡೀ ಕೆಳಮುಖವಾಗಿ ಕತ್ತರಿಸಿದವರು, ಈಗಲೂ ಕೈ ಹಾಗೆಯೇ ಓಡಿತ್ತು. ಎದುರಂಗಡಿಯವನು ಮೈ ಭಾಗವನ್ನು ಮೇಲ್ಮುಖವಾಗಿ ಕತ್ತರಿಸಿದ್ದ. ಒಂದು ಮಾತು ಕೇಳಿದ್ದರೆ ಸಾಕಿತ್ತು. ಹೊಸ ತೋಳಿಗೆ ಬಟ್ಟೆ ಉಳಿದಿರಲಿಲ್ಲ.

ಟ್ಯೂಬ್‌ಲೈಟಿನಲ್ಲಿ ಆ ವ್ಯತ್ಯಾಸ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಬಿಸಿಲಿಗೆ ಬಂದಾಗ ನಗೆಪಾಟಲಾಗುವುದು ಎದುರಂಗಡಿಯ ಹೆಸರು. ಕೋಟನ್ನು ಹ್ಯಾಂಗರಿಗೆ ಹಾಕಿ ಬೀದಿ ದಾಟಿಬಿಟ್ಟರೆ ಮುಗಿಯಿತು. ಆ ಯೋಚನೆ ಬಂದದ್ದಷ್ಟೇ ಅಲ್ಲ, ಒಂದು ಗಳಿಗೆ ಹಿತವಾಗಿಯೂ ಇತ್ತು ಎಂಬುದನ್ನು ಟೇಪ್ ಮಾವ ಈಗಲೂ ಮುಚ್ಚಿಡುವುದಿಲ್ಲ.

ಅವರು ಕುರ್ಚಿಯ ಹತ್ತಿರ ಹೋಗಿ ಭುಜ ಅಲುಗಿಸಿದರು. "ಏಳು. ಕೆಡಿಸಿಬಿಟ್ಟೆ."

ಅವನು ಕೋಟನ್ನು ನೋಡಿದ. ಕಿವಿ ಕೆಂಪಾಯಿತು. "ಬೇಕಂತಲೇ ಮಾಡಿದ್ದೀಯ."

"ಬೇಕಂತ ಮಾಡೋನು ನಿನ್ನ ಎಬ್ಬಿಸ್ತಿದ್ನಾ? ನಿನ್ನ ಜೊತೆ ಮಾತಾಡೋಕೆ ಇಷ್ಟ ಇರಲಿಲ್ಲ. ಅದಕ್ಕೇ ಕೇಳಲಿಲ್ಲ. ತಪ್ಪು ನಂದು."

ಅವನು ಎಡಗೈಯಿಂದ ಚೂರುಗಳನ್ನು ಕೆದಕಿದ. "ಕಾಲರ್ ಬಿಚ್ಚು. ಜೇಬಿನ ಮುಚ್ಚಳಾನೂ ಬಿಚ್ಚು. ಅವನ್ನೂ ಈ ಚೂರಲ್ಲಿ ಕೆಳಮುಖ ಮಾಡು. ತೋಳು, ಕಾಲರ್, ಜೇಬು ಒಂದೇ ಬಣ್ಣ ಆದ್ರೆ ಫ್ಯಾಷನ್ ಅಂತಾರೆ. ಬರೀ ತೋಳು ಬೇರೆ ಆದ್ರೆ ಕುಡಿದು ಹೊಲಿದಿದ್ದಾರೆ ಅಂತಾರೆ."

"ನೀನು ಕುಡಿಯೋದು ನಿಲ್ಲಿಸಿದ್ದು ಯಾವಾಗ?"

"ನೀನು ಪರದೆ ಇಳಿಸಿದ ಮೇಲೆ. ನಿನಗೆಲ್ಲಿ ಕಾಣಬೇಕು."

ಕತ್ತಲಾಗುವವರೆಗೆ ಒಬ್ಬರು ಹೇಳುತ್ತ, ಒಬ್ಬರು ಹೊಲಿಯುತ್ತ ಕೆಲಸ ಮುಗಿಸಿದರು. ನಿಲುವಂಗಿಯ ವಿಷಯ ಇಬ್ಬರ ಬಾಯಲ್ಲೂ ಬರಲಿಲ್ಲ.

ಮರುದಿನ ಮದುಮಗ ತಂದೆಯ ಜೊತೆ ಬಂದು ಕೋಟು ತೊಟ್ಟ. ತಂದೆ ಹತ್ತಿರ ಬಂದು, "ತೋಳು ಯಾಕೆ ಬೇರೆ ಬಣ್ಣ?" ಅಂದರು.

ಎದುರಂಗಡಿಯವನು ಫ್ಯಾಷನ್ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಟೇಪ್ ಮಾವ, "ತೋಳು ನಾನು ತಪ್ಪು ಕತ್ತರಿಸಿದೆ. ಉಳಿದ ಬಟ್ಟೆಯಲ್ಲಿ ಸರಿ ಮಾಡಿದ್ದೀವಿ" ಅಂದುಬಿಟ್ಟರು.

ತಂದೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಓ, ಇವರಾ" ಅಂದರು. ಆ ದನಿ ಟೇಪ್ ಮಾವನಿಗೆ ಹೊಸದಲ್ಲ.

"ನನ್ನ ಅಂಗಡಿಯಲ್ಲಿ ಆದದ್ದು. ಅದಕ್ಕೆ ಜವಾಬ್ದಾರಿ ನಂದು" ಎಂದ ಎದುರಂಗಡಿಯವನು. "ಇವರು ಬರದಿದ್ರೆ ನಿಮ್ಮ ಹುಡುಗ ತೋಳಿಲ್ಲದೆ ಮದುವೆ ಆಗಬೇಕಿತ್ತು. ಒಂದು ಚೂರೂ ಹೊರಗೆ ಹೋಗಿಲ್ಲ, ನಾನೇ ಕಣ್ಣಾರೆ ನೋಡಿದ್ದೀನಿ."

ಮದುಮಗ ಕನ್ನಡಿಯ ಮುಂದೆ ಎರಡು ಸಲ ತಿರುಗಿ, ಚೆನ್ನಾಗಿದೆ ಇರಲಿ ಅಪ್ಪ, ಅಂದ. ತಂದೆ ಗೊಣಗಿಕೊಂಡೇ ಒಪ್ಪಿದರು.

ಮನೆಯಲ್ಲಿ ಹೆಂಡತಿ ಕಾದಿದ್ದರು. "ಅವತ್ತು ಆಡಿದ್ದು ತಪ್ಪಾಯ್ತು ಅಂದನಾ?"

"ಇಲ್ಲ."

"ಮತ್ತೇನಂದ?"

"ನಾಳೆ ಬೇಗ ಬಾ ಅಂದ."

"ಹೋಗ್ತೀರಾ?"

"ಪ್ಯಾಂಟು ಬಾಕಿ ಇದೆಯಲ್ಲ" ಎಂದು ಟೇಪ್ ಮಾವ ಕೈತೊಳೆಯಲು ಹೋದರು.