ಯಗಟಿಯ ಮಂದೆಗೆ ಕಡಿಮೆ ಬಿದ್ದ ಚೀಟಿಗಳು

ನನಗೆ ಕೂತಲ್ಲಿ ಕೂರುವ ಅಭ್ಯಾಸವಿಲ್ಲ. ಅಜ್ಜಂಪುರದಿಂದ ಕಡೂರಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲೇ ಎರಡು ಸಲ ಸೀಟು ಬದಲಿಸುತ್ತೇನೆ. ನನ್ನನ್ನು ಕುರ್ಚಿಗೆ ಕಟ್ಟಿ ಕೂರಿಸಿದ್ದು ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆ ಒಂದೇ. ಕಡೂರಿನಲ್ಲಿ ಕುರಿ ಸಾಕುವವರದೊಂದು ಸಂಘವಿದೆ. ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿ ನಾನು ಆ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಇವತ್ತಿಗೂ ಓಡುತ್ತಿದೆ. "ಇನ್ನೂ ಅದೇ ಓಬೀರಾಯನ ಕಾಲದ್ದಾ?" ಎಂದು ನಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಅದರ ಕೆಲಸ ಲಸಿಕೆಯ ಚೀಟಿ ಅಚ್ಚು ಹಾಕುವುದು. ಒಂದು ಕುರಿಗೆ ಒಂದು ಚೀಟಿ, ಒಂದು ಚೀಟಿಗೆ ಒಂದು ಚುಚ್ಚುಮದ್ದು. ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತಿಗೆ ಲೂಪು ಎನ್ನುತ್ತೇವೆ. ಇದರಲ್ಲಿ ಮೂರು ಲೂಪು, ಒಂದರೊಳಗೊಂದು: ಹೊರಗೆ ಹಳ್ಳಿ, ಅದರೊಳಗೆ ಮಂದೆ, ಅದರೊಳಗೆ ಕುರಿ. ಒಂದು ಮಂದೆಯ ಕುರಿಗಳು ಮುಗಿದ ಮೇಲೆ ಮುಂದಿನ ಮಂದೆ, ಮಂದೆಗಳೆಲ್ಲ ಮುಗಿದ ಮೇಲೆ ಮುಂದಿನ ಹಳ್ಳಿ. ಪ್ರತಿ ಹೊಸ ಮಂದೆಗೂ ಕುರಿಯ ಎಣಿಕೆ ಮತ್ತೆ ಒಂದರಿಂದ ಶುರುವಾಗಬೇಕು. ಮರೆತರೆ ಎಣಿಕೆ ಆಗಲೇ ಮುಗಿದಿದೆ ಎಂದು ಲೂಪು ನಿಂತು, ಎರಡನೇ ಮಂದೆಯವರಿಗೆ ಬರಿಗೈ. ತರೀಕೆರೆಯಲ್ಲಿ ಕಲಿಯುವಾಗ ಅದನ್ನೇ ಮರೆತು ಮೇಷ್ಟರ ಕೈಲಿ ಚೆನ್ನಾಗಿ ಉಗಿಸಿಕೊಂಡಿದ್ದೆ. ಆಮೇಲೆ ಮರೆತಿಲ್ಲ.

ಆದ್ದರಿಂದ ಈ ವರ್ಷ ಲಸಿಕೆಯ ದಿನ ಬೆಳಿಗ್ಗೆ ಯಗಟಿಯಿಂದ ಕುರಿ ಡಾಕ್ಟರು ಫೋನ್ ಮಾಡಿ, "ನಿಮ್ ಚೀಟಿ ಕಮ್ಮಿ ಬಿದ್ದಿದಾವೆ ಕಣ್ರೀ. ಇಲ್ಲೊಬ್ಬ ಅಜ್ಜಿ ಮಂದೇಲಿ ಕುರಿ ಉಳ್ಕೊಂಡ್ಬಿಟ್ಟಿದಾವೆ," ಎಂದಾಗ ಮೈಯೆಲ್ಲ ಉರಿದುಹೋಯಿತು.

"ನನ್ನ ಲೂಪಲ್ಲಿ ತಪ್ಪಿಲ್ಲ. ನೀವೇ ಎಲ್ಲೋ ಬೀಳಿಸಿರ್ತೀರ!"

"ಜಗಳ ಆಮೇಲೆ ಆಡಾಣ. ಕಲಸಿದ ಮದ್ದು ಎರಡು ಗಂಟೆ ಮೇಲೆ ಉಳಿಯಲ್ಲ, ಚೆಲ್ಬೇಕು. ಸಂಘದ ಸೀಲಿರೋ ಚೀಟಿ ಇಲ್ದೆ ನಾನು ಹಾಕಂಗಿಲ್ಲ."

ಪ್ರೋಗ್ರಾಂ ತೆರೆದು ಸಾಲು ಸಾಲಾಗಿ ನೋಡಿದೆ. ಪ್ರತಿ ಮಂದೆಗೂ ಎಣಿಕೆ ಸರಿಯಾಗಿ ಒಂದಕ್ಕೆ ಮರಳುತ್ತಿತ್ತು. ಅಜ್ಜಿಯ ಮಂದೆಗೆ ಮೂವತ್ತು ಎಂದು ದಾಖಲಾಗಿತ್ತು, ಮೂವತ್ತು ಚೀಟಿ ಅಚ್ಚಾಗಿತ್ತು. ಎದ್ದೆ, ಕೂತೆ, ಮತ್ತೆ ಎದ್ದೆ. ಅಷ್ಟರಲ್ಲಿ ಅರ್ಧ ಗಂಟೆ ಹಾಳಾಗಿತ್ತು. ಸೀಲು, ಖಾಲಿ ಚೀಟಿ ಪುಸ್ತಕ ಚೀಲಕ್ಕೆ ತುರುಕಿಕೊಂಡು ಸಂಘದ ಸ್ಕೂಟರ್ ಹತ್ತಿದೆ. ದಾರಿಯುದ್ದಕ್ಕೂ ತಲೆಯೊಳಗೆ ಅದೇ ಮೂರು ಲೂಪು ಸುತ್ತುತ್ತಿದ್ದವು.

ಯಗಟಿಯಲ್ಲಿ ಹುಣಸೆ ಮರದಡಿ ಅಜ್ಜಿ ಉಳಿದ ಕುರಿಗಳಿಗೆ ಅಡ್ಡ ನಿಂತಿದ್ದಳು.

"ಎಷ್ಟು ಕುರಿ ಅಂತ ಬರೆಸಿದ್ದೆ ಅಜ್ಜಿ?"

"ಮೂವತ್ತು."

"ಇರೋದೆಷ್ಟು?"

ಅವಳು ಮುಖ ಆಚೆ ತಿರುಗಿಸಿದಳು. "ಇದ್ದಷ್ಟನ್ನೂ ಬಾಯಿಬಿಟ್ಟು ಹೇಳಕಾಯ್ತದೇನಪ್ಪಾ? ಕಣ್ ತಾಕ್ತದೆ. ಯಾರ್ ಕೇಳಿದ್ರೂ ಒಂದಷ್ಟು ಕಮ್ಮೀನೇ ಹೇಳದು ನಾವು."

"ಹಂಗಾದ್ರೆ ನಿನಗೆ ಮದ್ದು ಬೇಕೋ ಬೇಡ್ವೋ?" ಎಂದು ರೇಗಿದೆ.

"ಬ್ಯಾಡ ಅಂದ್ನಾ? ಹೋದ್ ವರ್ಸನೂ ಹಿಂಗೇ ನಾಕು ಉಳ್ಕಂಡ್ವು. ರೋಗ ಬಂತು, ನಾಕೂ ಸತ್ತೋದ್ವು. ಕಂಪ್ಯೂಟ್ರು ಕೊಟ್ಟಿರದೇ ಇಷ್ಟು ಅಂದ್ಮೇಲೆ ಯಾರ್ನ ಕೇಳದು?"

ಡಾಕ್ಟರು ನೆಲ ನೋಡುತ್ತಾ, "ಹೋದ್ ವರ್ಷನೂ ಸೀಸೇಲಿ ಮದ್ದು ಮಿಕ್ಕಿತ್ತು. ಚೆಲ್ಲಿದ್ವಿ," ಎಂದರು.

ಲೂಪಿನಲ್ಲಿ ತಪ್ಪಿರಲಿಲ್ಲ ನಿಜ. ಹೇಳಿದ ಸಂಖ್ಯೆಗೆ ಸರಿಯಾಗಿ ಅದು ನಿಂತಿತ್ತು. ಬೆಳಿಗ್ಗೆಯಿಂದ ನಾನು ಕೂಗಾಡಿದ್ದು ಅದೊಂದನ್ನು ಕಾಪಾಡಿಕೊಳ್ಳಲು. ನಾಚಿಕೆಯಾಯಿತು.

ಕಲ್ಲಿನ ಮೇಲೆ ಕೂತು ಪುಸ್ತಕ ಬಿಚ್ಚಿದೆ. ಅಜ್ಜಿ ಕಿವಿ ಹಿಡಿದು ಒಂದೊಂದೇ ಕುರಿ ತಂದಳು. ನಾನು ಬರೆದು ಸೀಲೊತ್ತಿದಂತೆ ಡಾಕ್ಟರು ಚುಚ್ಚಿದರು. ಜೀವಮಾನವಿಡೀ ಎಣಿಸಿದ ನನ್ನ ಬಾಯಿ, ಒಂದು ಎಂದು ಶುರುಮಾಡಿಯೇಬಿಟ್ಟಿತು. ಅಜ್ಜಿ ಹಿಡಿದ ಕುರಿಯನ್ನು ಬಿಟ್ಟು ನನ್ನನ್ನು ದುರುಗುಟ್ಟಿ ನೋಡಿದಳು. ತುಟಿ ಕಚ್ಚಿಕೊಂಡೆ. ಮದ್ದು ಕೆಡುವ ಮೊದಲು ಅವಳು ಕೈ ಕೊಡವಿ, "ಇನ್ನಿಲ್ಲ," ಎಂದಳು.

ಮಾರನೆಯ ದಿನ ಒಳಗಿನ ಲೂಪಿನಿಂದ ಸಂಖ್ಯೆಯನ್ನು ಕಿತ್ತುಹಾಕಿದೆ. ಚೀಟಿಗೆ ಬಂದವರನ್ನು ಪ್ರೋಗ್ರಾಂ ಈಗ ಎಷ್ಟು ಎಂದು ಕೇಳುವುದಿಲ್ಲ. "ಇನ್ನೊಂದು ಇದೆಯಾ?" ಎಂದು ಕೇಳುತ್ತದೆ, ಇದೆ ಎಂದರೆ ಒಂದು ಚೀಟಿ ಅಚ್ಚು ಹಾಕಿ ಮತ್ತೆ ಕೇಳುತ್ತದೆ, ಇಲ್ಲ ಎಂದಾಗ ನಿಲ್ಲುತ್ತದೆ. ಹತ್ತು ನಿಮಿಷದ ಕೆಲಸ. ನಾಲ್ಕು ಕುರಿ ಸತ್ತ ಮೇಲೆ ಮಾಡಿದೆ.